ಮೂರು ಮ್ಯಾಚ್ ಸೋತ ಕೋಚನ್ನು ಮನೆಗೆ ಕಳಿಸಬೇಕಾ?

ಪ್ರಶ್ನೆ: ನಮ್ಮದು ಉಳ್ಳಾಲ ಕಡೆಯ ಸಣ್ಣ ಫುಟ್‌ಬಾಲ್ ಕ್ಲಬ್. ನೆಹರೂ ಮೈದಾನದ ಟೂರ್ನಮೆಂಟ್‌ಗಳಲ್ಲಿ ಆಡುತ್ತೇವೆ. ಹೋದ ವರ್ಷ ಸೆಮಿಫೈನಲ್‌ವರೆಗೆ ಹೋಗಿದ್ದೆವು. ಈ ಸಲ ಉಡುಪಿಯಿಂದ ಲೈಸೆನ್ಸ್ ಇರುವ ಒಬ್ಬ ಕೋಚನ್ನು ಕರೆಸಿದೆವು. ಕಮಿಟಿಯಲ್ಲಿ ಅವರ ಹೆಸರು ಹೇಳಿದ್ದು ನಾನೇ. ಬಂದ ಮೇಲೆ ಮೂರು ಮ್ಯಾಚ್ ಸೋತಿದ್ದೇವೆ. ನಮ್ಮ ಗೋಲ್‌ಕೀಪರ್ ಕೆಲಸ ಸಿಕ್ಕಿ ದುಬೈಗೆ ಹೋದ. ಮಿಡ್‌ಫೀಲ್ಡ್‌ನ ಇಬ್ಬರು ಹುಡುಗರಿಗೆ ಕೊಣಾಜೆಯಲ್ಲಿ ಪರೀಕ್ಷೆ ಇತ್ತು. ಕೋಚ್ ಹಿಂದಿನಿಂದ ಪಾಸ್ ಮಾಡಿಕೊಂಡೇ ಆಡಿ ಎನ್ನುತ್ತಾರೆ, ನಮ್ಮ ಹುಡುಗರಿಗೆ ಉದ್ದಕ್ಕೆ ಹೊಡೆದೇ ಅಭ್ಯಾಸ. ಸ್ಪಾನ್ಸರ್ ಆಗಿರುವ ಬೋಟ್ ಮಾಲೀಕರು, "ಮ್ಯಾಂಚೆಸ್ಟರ್ ಯುನೈಟೆಡ್‌ನವರೇ ಒಂಬತ್ತು ಮ್ಯಾಚ್‌ಗೆ ಕೋಚನ್ನು ಓಡಿಸಿದರು, ನಾವ್ಯಾಕೆ ಕಾಯಬೇಕು?" ಎನ್ನುತ್ತಾರೆ. ಹಿರಿಯ ಸದಸ್ಯರು, "ಅದೇ ಯುನೈಟೆಡ್‌ನವರು ಕೋಚ್ ಫರ್ಗ್ಯುಸನ್‌ಗೆ ವರ್ಷಗಟ್ಟಲೆ ಕಾದರು ಅಲ್ವಾ?" ಎನ್ನುತ್ತಾರೆ. ದೊಡ್ಡ ಕ್ಲಬ್‌ಗಳು ಯಾವ ಲೆಕ್ಕದಲ್ಲಿ ಕೋಚನ್ನು ತರುತ್ತವೆ, ತೆಗೆಯುತ್ತವೆ? ಹೊಸಬರು ಬಂದ ಕೂಡಲೇ ಟೀಮ್ ಗೆಲ್ಲುವುದು ನಿಜವಾ? "ಪೂರ್ತಿ ನಂಬಿಕೆ ಇದೆ" ಎಂದು ಹೇಳಿ ಮರುವಾರವೇ ಕಳಿಸುವುದು ಯಾಕೆ? ಭಾನುವಾರ ನಮ್ಮ ಕಮಿಟಿ ಮೀಟಿಂಗ್ ಇದೆ. ಏನು ಹೇಳಲಿ?

ಉತ್ತರ: ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಆದರೆ ನಿಮ್ಮನ್ನು ಕೊರೆಯುತ್ತಿರುವುದು ಒಂದೇ ಅನ್ನಿಸುತ್ತದೆ. ನೀವೇ ಕರೆತಂದವರನ್ನು ಕಳಿಸಿದರೆ ಅವರಿಗೆ ಅನ್ಯಾಯ, ಉಳಿಸಿಕೊಂಡರೆ ಕ್ಲಬ್‌ಗೆ ಅನ್ಯಾಯ ಎಂಬ ಅಳುಕು. ಕ್ಲಬ್‌ಗಳಿಗೆ ಕೋಚ್ ಆರಿಸಿಕೊಡುವ, ಒಪ್ಪಂದ ಬರೆದುಕೊಡುವ ಕೆಲಸದಲ್ಲಿರುವ ನಾನು ಈ ಅಳುಕನ್ನು ಬಹಳ ಕಮಿಟಿಗಳಲ್ಲಿ ನೋಡಿದ್ದೇನೆ. ನಿಮ್ಮ ಪತ್ರದಲ್ಲಿ ಸೋಲಿನ ವಿವರ ಪೂರ್ತಿ ಇದೆ. ಆದರೆ ಈ ಕೋಚನ್ನು ನೀವು ಯಾವ ಕೆಲಸಕ್ಕೆ ಕರೆಸಿದಿರಿ ಎಂಬುದು ಎಲ್ಲೂ ಇಲ್ಲ. ಕಪ್ ಗೆಲ್ಲಿಸಲಿಕ್ಕಾ, ಹುಡುಗರಿಗೆ ಆಟ ಕಲಿಸಲಿಕ್ಕಾ? ಅದು ಗೊತ್ತಿಲ್ಲದಿದ್ದರೆ ತೆಗೆಯುವುದೂ ಊಹೆ, ಇಟ್ಟುಕೊಳ್ಳುವುದೂ ಊಹೆ. ದೊಡ್ಡ ಕ್ಲಬ್‌ಗಳು ಎಡವುವುದೂ ಹೆಚ್ಚಾಗಿ ಇಲ್ಲೇ, ತೆಗೆಯುವ ದಿನ ಅಲ್ಲ, ತರುವ ದಿನ.

ನಿಮ್ಮ ಬೋಟ್ ಮಾಲೀಕರು ಹೇಳಿದ ಉದಾಹರಣೆಯನ್ನೇ ನೋಡೋಣ. ಅವರು ಹೇಳಿದ್ದು ಅರ್ಧ ಮಾತ್ರ ನಿಜ. ಎರಿಕ್ ಟೆನ್ ಹಾಗ್ ಯುನೈಟೆಡ್‌ಗೆ ಬಂದದ್ದು 2022ರಲ್ಲಿ. 2024ರ ಅಕ್ಟೋಬರ್‌ನಲ್ಲಿ ತೆಗೆದಾಗ ಆ ಸೀಸನ್‌ನ ಒಂಬತ್ತು ಲೀಗ್ ಮ್ಯಾಚ್ ಆಗಿತ್ತು, ಟೀಮ್ 14ನೇ ಸ್ಥಾನದಲ್ಲಿತ್ತು. ಆದರೆ ಅದಕ್ಕೆ ಮೊದಲು ಎರಡು ಪೂರ್ತಿ ಸೀಸನ್, ಎರಡು ಕಪ್ ಆಗಿಹೋಗಿತ್ತು. 2024ರ ಮೇನಲ್ಲಿ ಎಫ್‌ಎ ಕಪ್ ಗೆದ್ದರು. ಬೋರ್ಡ್‌ಗೆ ಆಗಲೂ ಅವರ ಮೇಲೆ ಪೂರ್ತಿ ಮನಸ್ಸಿರಲಿಲ್ಲ. ಬೇರೆ ಕೋಚ್‌ಗಳ ಜೊತೆ ಮಾತುಕತೆಯೂ ನಡೆದಿತ್ತು. ಯಾರೂ ಕುದುರಲಿಲ್ಲ. ಜುಲೈನಲ್ಲಿ ಇವರ ಒಪ್ಪಂದವನ್ನೇ 2026ರವರೆಗೆ ಮುಂದುವರಿಸಿದರು. ಆ ಬೇಸಿಗೆಯಲ್ಲಿ ಆಟಗಾರರ ಮೇಲೆ ಸುಮಾರು 20 ಕೋಟಿ ಪೌಂಡ್ ಸುರಿದರು. ನಾಲ್ಕು ತಿಂಗಳಾಗುವ ಮೊದಲೇ ಗೇಟ್‌ಪಾಸ್.

ಅದರ ಬಿಲ್ ಎಷ್ಟಾಯಿತು ಗೊತ್ತಾ? ಟೆನ್ ಹಾಗ್ ಮತ್ತು ಅವರ ಸಹಾಯಕರನ್ನು ಕಳಿಸಲಿಕ್ಕೆ 1.04 ಕೋಟಿ ಪೌಂಡ್ ಎಂದು ಕ್ಲಬ್‌ನ ಲೆಕ್ಕಪತ್ರದಲ್ಲೇ ಇದೆ. ನಮ್ಮ ರೂಪಾಯಿಯಲ್ಲಿ ನೂರು ಕೋಟಿಗೂ ಮೇಲೆ. ಹೊಸ ಕೋಚ್ ರೂಬೆನ್ ಅಮೊರಿಮ್‌ರನ್ನು ಬಿಡಿಸಿಕೊಳ್ಳಲು ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ 1.1 ಕೋಟಿ ಯೂರೋ. ಆಟಗಾರರು, ಕೋಚ್‌ಗಳ ಆಯ್ಕೆ ನೋಡಿಕೊಳ್ಳಲು ಅದೇ ಜುಲೈನಲ್ಲಿ ಸೇರಿದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಡಾನ್ ಆಶ್‌ವರ್ತ್ ಡಿಸೆಂಬರ್‌ಗೆ ಹೊರಗೆ. ಅದಕ್ಕೆ ಇನ್ನೊಂದು 41 ಲಕ್ಷ ಪೌಂಡ್. ಇಷ್ಟಾದ ಮೇಲೆ ಟೀಮ್ 14ರಿಂದ ಮೇಲೆ ಬಂತಾ? ಆ ಸೀಸನ್ ಮುಗಿದಾಗ 15ನೇ ಸ್ಥಾನದಲ್ಲಿತ್ತು.

ಅಮೊರಿಮ್ ದಡ್ಡರಲ್ಲ. ಸ್ಪೋರ್ಟಿಂಗ್‌ನಲ್ಲಿ ಲೀಗ್ ಗೆದ್ದವರು. ಆದರೆ ಅವರ ಆಟ ಹಿಂದೆ ಮೂವರು ಡಿಫೆಂಡರ್, ಬದಿಗಳಲ್ಲಿ ವಿಂಗ್‌ಬ್ಯಾಕ್ ಇಟ್ಟು ಆಡುವ ಆಟ. ಆ 20 ಕೋಟಿಯಲ್ಲಿ ಕೊಂಡ ಆಟಗಾರರು ನಾಲ್ವರು ಡಿಫೆಂಡರ್‌ಗಳ ಲೆಕ್ಕಕ್ಕೆ ಬಂದವರು. ಕೋಚನ್ನು ಬದಲಾಯಿಸಿದರು, ಆಟಗಾರರನ್ನು ಬದಲಾಯಿಸಲು ಮುಂದಿನ ವಿಂಡೋವರೆಗೆ, ಅಂದರೆ ಆಟಗಾರರನ್ನು ಕೊಳ್ಳಲು ಮಾರಲು ಬಿಡುವ ಅವಧಿಯವರೆಗೆ, ಕಾಯಬೇಕಾಯಿತು. ನಿಮ್ಮ ಹುಡುಗರಿಗೆ ಉದ್ದಕ್ಕೆ ಹೊಡೆದು ಅಭ್ಯಾಸ, ಕೋಚ್‌ಗೆ ಪಾಸ್ ಬೇಕು ಎಂದಿರಲ್ಲ, ಅಳತೆ ಸಣ್ಣದು ಅಷ್ಟೇ, ರೋಗ ಅದೇ.

ಹಾಗಾದರೆ ತರುವಾಗ ಏನು ನೋಡಬೇಕು? ಹಿಂದೆ ಇಂಗ್ಲೆಂಡ್‌ನಲ್ಲಿ ಮ್ಯಾನೇಜರ್ ಎಂದರೆ ಎಲ್ಲವೂ ಅವನೇ. ಆಟಗಾರರನ್ನು ಕೊಳ್ಳುವುದು, ಸಂಬಳದ ಮಾತು, ಅಭ್ಯಾಸ, ಜೂನಿಯರ್ ಹುಡುಗರು, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು. ನಮ್ಮ ಯಕ್ಷಗಾನದ ಲೆಕ್ಕದಲ್ಲಿ ಮೇಳದ ಯಜಮಾನನೂ ಅವನೇ, ಭಾಗವತನೂ ಅವನೇ. ಈಗ ಹಾಗಿಲ್ಲ. ಸ್ಪೋರ್ಟಿಂಗ್ ಡೈರೆಕ್ಟರ್ ಯಜಮಾನನ ಕೆಲಸ ನೋಡುತ್ತಾನೆ. ಯಾವ ಕಲಾವಿದ ಬೇಕು, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ ಎಂಬುದೆಲ್ಲ ಅವನದ್ದು. ಹೆಡ್ ಕೋಚ್ ಭಾಗವತ. ರಂಗಸ್ಥಳದಲ್ಲಿ ಆಟ ನಡೆಸುವವನು. ಪತ್ತನಾಜೆ ಕಳೆದ ಮೇಲೆ ಮೇಳ ಬಿಟ್ಟು ಮೇಳ ಸೇರುವ ಕಲಾವಿದರನ್ನು ಭಾಗವತನೊಬ್ಬನೇ ಆರಿಸುವುದಿಲ್ಲ ಅಲ್ವಾ? ಹಾಗೆಯೇ. ಭಾಗವತ ಬದಲಾದರೂ ಮೇಳದ ತಿಟ್ಟು ಬದಲಾಗಬಾರದು ಎಂಬುದು ಇದರ ಹಿಂದಿನ ಯೋಚನೆ.

ಇದನ್ನು ಚೆನ್ನಾಗಿ ಮಾಡಿದ್ದು ಲಿವರ್‌ಪೂಲ್. 2015ರಲ್ಲಿ ಯೂರ್ಗನ್ ಕ್ಲೊಪ್‌ರನ್ನು ಕರೆಸುವಾಗ ಅವರ ಕೊನೆಯ ಸೀಸನ್ ಕೆಟ್ಟದಾಗಿತ್ತು. ಅವರ ಟೀಮ್ ಡಾರ್ಟ್‌ಮಂಡ್ ಜರ್ಮನ್ ಲೀಗ್‌ನಲ್ಲಿ ಏಳನೇ ಸ್ಥಾನಕ್ಕೆ ಇಳಿದಿತ್ತು. ಟೇಬಲ್ ಮಾತ್ರ ನೋಡಿದ್ದರೆ ಯಾರೂ ಕರೆಯುತ್ತಿರಲಿಲ್ಲ. ಲಿವರ್‌ಪೂಲ್‌ನಲ್ಲಿ ಇಯಾನ್ ಗ್ರಹಾಂ ಎಂಬ ಭೌತಶಾಸ್ತ್ರ ಓದಿದ ಡೇಟಾ ತಜ್ಞರಿದ್ದರು. ಅವರು ಆ ಸೀಸನ್‌ನ ಪ್ರತಿ ಮ್ಯಾಚ್‌ನ ಅವಕಾಶಗಳನ್ನು ಲೆಕ್ಕ ಹಾಕಿದರು. ಎಷ್ಟು ಒಳ್ಳೆಯ ಶಾಟ್ ಸೃಷ್ಟಿಸಿದರು, ಎದುರಾಳಿಗೆ ಎಷ್ಟು ಬಿಟ್ಟುಕೊಟ್ಟರು ಎಂಬ ಲೆಕ್ಕ. ಟೀಮ್ ಚೆನ್ನಾಗಿಯೇ ಆಡಿದೆ, ಅದೃಷ್ಟ ಮಾತ್ರ ಕೈಕೊಟ್ಟಿದೆ ಎಂದು ಗೊತ್ತಾಯಿತು. ಒಂಬತ್ತು ವರ್ಷದ ನಂತರ ಕ್ಲೊಪ್ ತಾವಾಗಿ ಬಿಟ್ಟಾಗ ಬಂದದ್ದು ನೆದರ್ಲೆಂಡ್ಸ್‌ನ ಫೆಯೆನೂರ್ಡ್ ಕ್ಲಬ್‌ನ ಆರ್ನೆ ಸ್ಲಾಟ್. ಆಗ ಕ್ಲಬ್ ಕೇಳಿಕೊಂಡದ್ದು ಈಗಿರುವ ಆಟಗಾರರನ್ನೇ ಇಟ್ಟುಕೊಂಡು ಹೆಚ್ಚು ಕಡಿಮೆ ಇದೇ ಆಟ ಆಡಿಸಬಲ್ಲವರು ಯಾರು ಎಂದು. ಆ ಬೇಸಿಗೆಯಲ್ಲಿ ಹೆಚ್ಚು ಆಟಗಾರರನ್ನು ಕೊಳ್ಳಲೂ ಇಲ್ಲ. ಮೊದಲ ಸೀಸನ್‌ನಲ್ಲೇ, 2024-25ರಲ್ಲಿ, ಲೀಗ್ ಬಂತು.

ಉಲ್ಟಾ ಉದಾಹರಣೆಗೆ ಚೆಲ್ಸಿ. ಥಾಮಸ್ ಟುಖೆಲ್ 2021ರಲ್ಲಿ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದರು. ಮರುವರ್ಷ ಮಾಲೀಕರು ಬದಲಾದರು, ಸೆಪ್ಟೆಂಬರ್‌ನಲ್ಲಿ ಟುಖೆಲ್ ಹೊರಗೆ. ಬ್ರೈಟನ್‌ನಿಂದ ಗ್ರಹಾಂ ಪಾಟರ್‌ರನ್ನು ಅವರ ಸಹಾಯಕರ ಸಮೇತ ತರಲು 2 ಕೋಟಿ ಪೌಂಡ್‌ಗೂ ಜಾಸ್ತಿ ಕೊಟ್ಟರು. ಐದು ವರ್ಷದ ಒಪ್ಪಂದ, ದೊಡ್ಡ ಯೋಜನೆ ಎಂಬ ಮಾತು. ಆಟಗಾರರನ್ನು ಕೊಂಡು ಕೊಂಡು ಜನವರಿ ವಿಂಡೋ ಮುಗಿಯುವಾಗ ಡ್ರೆಸ್ಸಿಂಗ್ ರೂಮಿನಲ್ಲಿ ಜನ ಹಿಡಿಸುತ್ತಿರಲಿಲ್ಲ. ಏಳು ತಿಂಗಳಾಗುವ ಮೊದಲೇ ಪಾಟರ್‌ರೂ ಹೊರಗೆ. ಐದು ವರ್ಷ ಎಂದು ಕಾಗದದಲ್ಲಿ ಬರೆದದ್ದು ಕೋಚ್‌ನ ಸಂಬಳಕ್ಕೆ ಭದ್ರತೆ ಕೊಟ್ಟಿತು. ಕುರ್ಚಿಗೆ ಕೊಡಲಿಲ್ಲ.

ಇಲ್ಲೇ ನಿಮ್ಮ "ಪೂರ್ತಿ ನಂಬಿಕೆ ಇದೆ" ಪ್ರಶ್ನೆಯೂ ಬರುತ್ತದೆ. ಆ ಮಾತು ಹೊರಗೆ ಬಂದರೆ ಕೋಚ್ ಹೋದಂತೆಯೇ ಎಂದು ಅಭಿಮಾನಿಗಳು ತಮಾಷೆ ಮಾಡುತ್ತಾರೆ. ಅದು ಶಾಪವೇನೂ ಅಲ್ಲ. ಟೀಮ್ ಚೆನ್ನಾಗಿ ಆಡುವಾಗ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಕೇಳುವುದೇ ಸೋಲುವಾಗ. ಕೇಳಿದಾಗ ಬೋರ್ಡ್ ಬೇರೆ ಏನು ಹೇಳಲು ಸಾಧ್ಯ? "ನೋಡುತ್ತಿದ್ದೇವೆ" ಎಂದರೆ ಮರುದಿನದಿಂದ ಆಟಗಾರರು ಕೋಚ್‌ನ ಮಾತು ಕೇಳುವುದಿಲ್ಲ. ಜೊತೆಗೆ ಒಳಗಿಂದೊಳಗೆ ಹೊಸಬರನ್ನು ಹುಡುಕುತ್ತಿರುತ್ತಾರೆ, ಆ ಸುದ್ದಿ ಹೊರಬಿದ್ದರೆ ಬೆಲೆ ಏರುತ್ತದೆ. ಅದಕ್ಕೇ ಆ ಒಂದೇ ವಾಕ್ಯ.

ಒಪ್ಪಂದ ಮುಂದುವರಿಸುವುದೂ ಬೆಂಬಲದ ಗುರುತಲ್ಲ. ವುಲ್ವ್ಸ್ ಕ್ಲಬ್‌ನವರು 2024ರ ಆಗಸ್ಟ್‌ನಲ್ಲಿ ಗ್ಯಾರಿ ಒನೀಲ್‌ಗೆ ನಾಲ್ಕು ವರ್ಷದ ಹೊಸ ಒಪ್ಪಂದ ಕೊಟ್ಟರು, ಡಿಸೆಂಬರ್‌ನಲ್ಲಿ ತೆಗೆದರು. ಬದಲಿಗೆ ಬಂದ ವಿಟರ್ ಪೆರೇರಾ ಟೀಮನ್ನು ರೆಲಿಗೇಷನ್‌ನಿಂದ, ಅಂದರೆ ಕೆಳಗಿನ ಡಿವಿಷನ್‌ಗೆ ಬೀಳುವುದರಿಂದ, ಉಳಿಸಿದರು. ಖುಷಿಯಾಗಿ 2025ರ ಸೆಪ್ಟೆಂಬರ್‌ನಲ್ಲಿ ಅವರಿಗೆ ಮೂರು ವರ್ಷದ ಹೊಸ ಒಪ್ಪಂದ. ಹತ್ತು ಲೀಗ್ ಮ್ಯಾಚ್‌ನಲ್ಲಿ ಎರಡೇ ಪಾಯಿಂಟ್ ಬಂತು, ನವೆಂಬರ್ ಶುರುವಿಗೆ ಅವರೂ ಮನೆಗೆ. ಇಷ್ಟು ಬೇಗ ಎರಡು ಸಲ ಒಂದೇ ಕಲ್ಲಿಗೆ ಕಾಲು ಎಡವಿದ ಕ್ಲಬ್ ಬೇರೆ ಸಿಗುವುದು ಕಷ್ಟ. ಹೊಸ ಒಪ್ಪಂದ ಕೊಡುವುದಕ್ಕೆ ವ್ಯವಹಾರದ ಕಾರಣವೂ ಇರುತ್ತದೆ. ಬೇರೆ ಕ್ಲಬ್‌ನವರು ಕೋಚನ್ನು ಎಳೆದುಕೊಂಡರೆ ಪರಿಹಾರ ಜಾಸ್ತಿ ಸಿಗುತ್ತದೆ. ಆದರೆ ತಾವೇ ತೆಗೆದರೆ ತಾವೇ ಜಾಸ್ತಿ ಕೊಡಬೇಕು.

ನಿಜವಾದ ಬೆಂಬಲ ಎಲ್ಲಿ ಕಾಣುತ್ತದೆ ಗೊತ್ತಾ? ಸ್ಟಾರ್ ಆಟಗಾರನಿಗೂ ಕೋಚ್‌ಗೂ ಜಟಾಪಟಿ ಆದಾಗ. ಆರ್ಸೆನಲ್‌ನ ಮಿಕೆಲ್ ಆರ್ಟೆಟಾ 2019ರ ಡಿಸೆಂಬರ್‌ನಲ್ಲಿ ಬಂದವರು. ಮೊದಲ ಎರಡು ಸೀಸನ್‌ನಲ್ಲೂ ಟೀಮ್ ಎಂಟನೇ ಸ್ಥಾನ. 2021-22ರ ಶುರುವಿನಲ್ಲಿ ಮೂರು ಲೀಗ್ ಮ್ಯಾಚ್, ಮೂರೂ ಸೋಲು, ಒಂದೂ ಗೋಲಿಲ್ಲ, ಟೇಬಲ್‌ನ ತಳ. ನಿಮ್ಮದೇ ಮೂರು ಸೋಲು, ನೋಡಿ. ಆಗ ಬೋರ್ಡ್ ಗಟ್ಟಿಯಾಗಿ ನಿಂತಿತು. ಅದು ಸುಮ್ನೆ ಕುರುಡು ನಂಬಿಕೆಯಲ್ಲ. ಹಳಬರನ್ನು ಬಿಟ್ಟು ಚಿಕ್ಕ ವಯಸ್ಸಿನವರನ್ನು ಕೊಂಡು ಕಟ್ಟುವುದು ಎಂದು ಕೋಚ್, ಟೆಕ್ನಿಕಲ್ ಡೈರೆಕ್ಟರ್ ಎಡು, ಮಾಲೀಕರು ಮೂವರೂ ಒಪ್ಪಿದ್ದರು. ಅದೇ ಬೇಸಿಗೆಯಲ್ಲಿ ಓಡೆಗಾರ್ಡ್, ಬೆನ್ ವೈಟ್, ರಾಮ್ಸ್‌ಡೇಲ್ ಬಂದರು. ಸೋತ ಮೊದಲ ಮ್ಯಾಚ್‌ನಲ್ಲಿ ಮುಖ್ಯ ಆಟಗಾರರು ಹಲವರು ಕೋವಿಡ್‌ನಿಂದಲೋ ಗಾಯದಿಂದಲೋ ಹೊರಗಿದ್ದರು. ಕಾರಣ ಕಣ್ಣೆದುರೇ ಇತ್ತು. ಡಿಸೆಂಬರ್‌ನಲ್ಲಿ ಶಿಸ್ತು ಮೀರಿದ ಕ್ಯಾಪ್ಟನ್ ಔಬಮೆಯಾಂಗ್‌ರಿಂದ ಆರ್ಟೆಟಾ ಕ್ಯಾಪ್ಟನ್‌ನ ತೋಳುಪಟ್ಟಿ ಕಿತ್ತುಕೊಂಡಾಗ ಕ್ಲಬ್ ಕೋಚ್ ಪರವೇ ನಿಂತಿತು. ಅಷ್ಟು ದೊಡ್ಡ ಸಂಬಳದ ಆಟಗಾರ ಜನವರಿ ವಿಂಡೋ ಕೊನೆಗೆ ಹೊರಟುಹೋದ. 2023, 2024, 2025, ಮೂರು ವರ್ಷವೂ ಎರಡನೇ ಸ್ಥಾನ.

ಹಾಗೆಂದು ತಾಳಿದವನು ಬಾಳಿಯಾನು ಎಂದು ನಿಮ್ಮ ಹಿರಿಯರು ಮೇಜು ಕುಟ್ಟುವುದು ಬೇಡ. ಅದೇ ಆರ್ಸೆನಲ್ ಆರ್ಟೆಟಾಗೆ ಮೊದಲು ಉನಾಯ್ ಎಮೆರಿಯನ್ನು ಹದಿನೆಂಟೇ ತಿಂಗಳಲ್ಲಿ ತೆಗೆದಿತ್ತು. ಅದೂ ತಪ್ಪು ಅನ್ನಿಸುವುದಿಲ್ಲ ನನಗೆ, ಡ್ರೆಸ್ಸಿಂಗ್ ರೂಮ್, ಅಂದರೆ ಆಟಗಾರರ ಮೇಲಿನ ಹಿಡಿತ, ಕೈತಪ್ಪಿತ್ತು. ಎಮೆರಿ ಆಮೇಲೆ ಸ್ಪೇನ್‌ನ ವಿಯ್ಯಾರೆಯಾಲ್ ಕ್ಲಬ್‌ಗೆ ಹೋಗಿ ಯುರೋಪಾ ಲೀಗ್ ಗೆದ್ದರು, ಆಸ್ಟನ್ ವಿಲ್ಲಾವನ್ನು ಲೀಗ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿಸಿದರು. ಒಂದು ಕಡೆ ಸೋತವರು ಇನ್ನೊಂದು ಕಡೆ ಗೆಲ್ಲುತ್ತಾರೆ. ಯಾರಿಗೆ ಯಾರು ಹೊಂದುತ್ತಾರೆ ಎಂಬುದೇ ವಿಷಯ.

ಫರ್ಗ್ಯುಸನ್ ಕತೆಯನ್ನೂ ಸ್ವಲ್ಪ ಸರಿಮಾಡಬೇಕು. 1986ರ ನವೆಂಬರ್‌ನಲ್ಲಿ ಬಂದವರು. 1989-90ರಲ್ಲಿ ಯುನೈಟೆಡ್ ಲೀಗ್‌ನಲ್ಲಿ 13ನೇ ಸ್ಥಾನ. 1990ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಮಾರ್ಕ್ ರಾಬಿನ್ಸ್ ಗೋಲ್ ಹೊಡೆಯದಿದ್ದರೆ ಕೆಲಸ ಹೋಗುತ್ತಿತ್ತು ಎಂಬುದು ಎಲ್ಲರ ಬಾಯಲ್ಲಿರುವ ಕತೆ. ಆಗಿನ ಚೇರ್ಮನ್ ಮಾರ್ಟಿನ್ ಎಡ್ವರ್ಡ್ಸ್ ಮಾತ್ರ ಆ ಮ್ಯಾಚ್ ಸೋತಿದ್ದರೂ ತೆಗೆಯುತ್ತಿರಲಿಲ್ಲ ಎಂದು ಆಮೇಲೆ ಹೇಳಿದ್ದಾರೆ. ಯಾಕೆಂದರೆ ಅವರು ಟೇಬಲ್ ಒಂದನ್ನೇ ನೋಡುತ್ತಿರಲಿಲ್ಲ. ಸ್ಕೌಟಿಂಗ್ ವ್ಯವಸ್ಥೆ ಹೊಸದಾಗಿ ಕಟ್ಟುತ್ತಿದ್ದುದು, ಜೂನಿಯರ್ ಹುಡುಗರು ತಯಾರಾಗುತ್ತಿದ್ದುದು ಅವರ ಕಣ್ಣಿಗೆ ಕಾಣುತ್ತಿತ್ತು. ಆ ವರ್ಷ ಎಫ್‌ಎ ಕಪ್ ಬಂತು, ಮೊದಲ ಲೀಗ್ 1993ರಲ್ಲಿ. ಕಾದದ್ದಕ್ಕೆ ಗೆದ್ದರು ಎಂದು ನಾವು ಹೇಳುತ್ತೇವೆ. ಕಾಯಲಿಕ್ಕೆ ಕಾರಣ ಕಾಣುತ್ತಿತ್ತು, ಅದಕ್ಕೆ ಕಾದರು ಎಂಬುದು ಹೆಚ್ಚು ಸರಿ. ಕಾದು ಕಾದು ಮುಳುಗಿದ ಕ್ಲಬ್‌ಗಳ ಕತೆಯನ್ನು ಯಾರೂ ಹೇಳುವುದಿಲ್ಲ, ಅಷ್ಟೇ.

ಈಗ ಹೊಸ ಕೋಚ್ ಬಂದ ಕೂಡಲೇ ಗೆಲ್ಲುವ ವಿಷಯ. ನನಗೆ ಇದು ಇಡೀ ಫುಟ್‌ಬಾಲ್‌ನಲ್ಲೇ ಹೆಚ್ಚು ಮೋಸ ಮಾಡುವ ಸಂಗತಿ. ಕೋಚನ್ನು ಯಾವಾಗ ತೆಗೆಯುತ್ತಾರೆ? ತೀರಾ ಕೆಟ್ಟ ದಿನಗಳಲ್ಲಿ. ಆ ದಿನಗಳಲ್ಲಿ ಕೋಚ್‌ನ ತಪ್ಪಿನ ಜೊತೆ ಬೇರೆಯದೂ ಇರುತ್ತದೆ. ಬಲಿಷ್ಠ ಎದುರಾಳಿಗಳು ಒಟ್ಟಿಗೆ ಬಂದಿರುತ್ತಾರೆ, ಗಾಯಗಳು, ಕಂಬಕ್ಕೆ ಬಡಿದ ಶಾಟ್‌ಗಳು, ಒಂದು ಪೆನಾಲ್ಟಿ. ಇವು ತಾವಾಗಿಯೇ ಸರಿಹೋಗುವಂಥವು. ಹೊಸಬರು ಬಂದಾಗ ಸರಿಹೋದರೆ ಹೆಸರು ಅವರಿಗೆ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ ಅಲ್ಲಿನ ಲೀಗ್‌ನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ಇದನ್ನೇ ಪರೀಕ್ಷಿಸಿದರು. ಕೋಚ್ ತೆಗೆದ ಟೀಮ್‌ಗಳನ್ನು ಮಾತ್ರ ನೋಡಲಿಲ್ಲ. ಅಷ್ಟೇ ಕೆಟ್ಟದಾಗಿ ಆಡಿಯೂ ಕೋಚನ್ನು ಉಳಿಸಿಕೊಂಡ ಟೀಮ್‌ಗಳನ್ನೂ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಹೆಚ್ಚು ಕಡಿಮೆ ಒಂದೇ ರೀತಿ ಚೇತರಿಸಿಕೊಂಡಿದ್ದವು. ಬದಲಾವಣೆಯಿಂದ ಆದ ಲಾಭ ಎಂದು ತೋರಿಸುವಂಥದ್ದು ಸಿಗಲಿಲ್ಲ.

ಇನ್ನೊಂದು ಕಹಿ ಸತ್ಯ ಇದೆ. ಸ್ಟೆಫಾನ್ ಸಿಮಾನ್ಸ್ಕಿಯಂಥ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆಯ ಲೆಕ್ಕ ಹಾಕಿ ತೋರಿಸಿದ್ದು ಇದು: ದೀರ್ಘಕಾಲ ನೋಡಿದರೆ ಕ್ಲಬ್‌ನ ಸ್ಥಾನವನ್ನು ಹೆಚ್ಚಾಗಿ ನಿರ್ಧರಿಸುವುದು ಆಟಗಾರರಿಗೆ ಕೊಡುವ ಒಟ್ಟು ಸಂಬಳ. ಅದನ್ನು ಮೀರಿ ತನ್ನ ಕೈಚಳಕದಿಂದ ಮೇಲೆತ್ತುವ ಕೋಚ್‌ಗಳು ಕೆಲವೇ ಕೆಲವರು. ಉಳಿದವರ ಫಲಿತಾಂಶ ಸಿಕ್ಕಿದ ಟೀಮ್ ಹೇಗೋ ಹಾಗೆ.

ಇಷ್ಟು ಗೊತ್ತಿದ್ದೂ ಯಾಕೆ ತೆಗೆಯುತ್ತಾರೆ? ಭಯ. ಇಂಗ್ಲೆಂಡ್‌ನ ಮೇಲಿನ ಡಿವಿಷನ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಸ್ಥಾನದ ಕ್ಲಬ್‌ಗೂ ಟಿವಿ ಹಣ ಮುಂತಾದವುಗಳಲ್ಲಿ ವರ್ಷಕ್ಕೆ 10 ಕೋಟಿ ಪೌಂಡ್‌ಗೂ ಜಾಸ್ತಿ ಪಾಲು ಸಿಗುತ್ತದೆ. ಕೆಳಗಿನ ಡಿವಿಷನ್‌ಗೆ ಬಿದ್ದರೆ ಅದರ ದೊಡ್ಡ ಭಾಗ ಹೋಯಿತು. ಅದರ ಎದುರು ಕೋಚ್‌ಗೆ ಕೊಡುವ ಪರಿಹಾರ ಚಿಲ್ಲರೆ. ಇಪ್ಪತ್ತೈದು ಆಟಗಾರರನ್ನು ನವೆಂಬರ್‌ನಲ್ಲಿ ಬದಲಾಯಿಸಲು ಆಗುವುದಿಲ್ಲ, ಒಬ್ಬ ಕೋಚನ್ನು ಬದಲಾಯಿಸಬಹುದು. ಅಭಿಮಾನಿಗಳ ಸಿಟ್ಟು ಮಾಲೀಕರ ಕಡೆ ತಿರುಗುವ ಮೊದಲು ಒಂದು ತಲೆ ಉರುಳಬೇಕು, ಅದೂ ನಿಜ. ಕೆಲವೊಮ್ಮೆ ಗುರಿ ತಪ್ಪುವುದಿಲ್ಲ, ಪೆರೇರಾ ಮೊದಲ ಸಲ ವುಲ್ವ್ಸ್ ಉಳಿಸಿದ್ದು ಹಾಗೆ. ಅದೇ 2024-25ರಲ್ಲಿ ಸೌತಾಂಪ್ಟನ್, ಲೆಸ್ಟರ್ ಕೂಡ ನಡುವೆ ಕೋಚ್ ಬದಲಾಯಿಸಿದವು. ಎರಡೂ ಕೆಳಗೆ ಬಿದ್ದವು.

ಗೆದ್ದರೆ ಕುರ್ಚಿ ಭದ್ರ ಎಂಬುದೂ ಸುಳ್ಳು. ಕ್ಲಾಡಿಯೊ ರಾನಿಯೇರಿ 2016ರಲ್ಲಿ ಲೆಸ್ಟರ್‌ಗೆ ಯಾರೂ ಊಹಿಸದ ಲೀಗ್ ತಂದುಕೊಟ್ಟರು, 2017ರ ಫೆಬ್ರವರಿಯಲ್ಲಿ ತೆಗೆದರು. ವಾನ್ ಹಾಲ್ 2016ರಲ್ಲಿ ಯುನೈಟೆಡ್‌ಗೆ ಎಫ್‌ಎ ಕಪ್ ಗೆದ್ದು ಎರಡೇ ದಿನಕ್ಕೆ ಹೋದರು. ಆಂಜ್ ಪೋಸ್ಟೆಕೊಗ್ಲೂ 2025ರ ಮೇನಲ್ಲಿ ಟಾಟ್ನಂಗೆ ಯುರೋಪಾ ಲೀಗ್ ಗೆಲ್ಲಿಸಿದರು, ಜೂನ್‌ನಲ್ಲಿ ಹೊರಗೆ. ಲೀಗ್‌ನಲ್ಲಿ 17ನೇ ಸ್ಥಾನ ಆಗಿತ್ತಲ್ಲ. ಅವರೇ ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿ 39 ದಿನ ಇದ್ದರು. ಎಂಟು ಮ್ಯಾಚ್, ಒಂದೂ ಗೆಲುವಿಲ್ಲ. ಕೊನೆಯ ಮ್ಯಾಚ್ ಮುಗಿದು ಅರ್ಧ ಗಂಟೆಯೊಳಗೆ ತೆಗೆದ ಸುದ್ದಿ ಬಂತು. ಅಲ್ಲಿ ತಪ್ಪು ಪೋಸ್ಟೆಕೊಗ್ಲೂ ಅವರದ್ದು ಎನ್ನುವುದಕ್ಕಿಂತ ಆಯ್ಕೆಯದ್ದು. ಹಿಂದಿನ ಕೋಚ್ ನೂನೋ ಹಿಂದೆ ನಿಂತು ಗಟ್ಟಿ ಡಿಫೆನ್ಸ್ ಮಾಡಿ ಪಟಕ್ಕನೆ ಎದುರು ದಾಳಿ ಮಾಡುವ ಆಟ ಕಲಿಸಿದ್ದರು. ಇವರದ್ದು ಮುಂದಕ್ಕೆ ನುಗ್ಗುವ ಆಟ. ಎರಡಕ್ಕೂ ಅಜಗಜಾಂತರ. ಸೀಸನ್ ನಡುವೆ ಅದನ್ನು ಇದಕ್ಕೆ ತಿರುಗಿಸಲು ಹೊರಟರು.

ನಮ್ಮ ಹತ್ತಿರಕ್ಕೆ ಬರೋಣ. ಬೆಂಗಳೂರು ಎಫ್‌ಸಿಯಲ್ಲಿ ಕಾರ್ಲೆಸ್ ಕ್ವಾಡ್ರಾಟ್ 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದು 2021ರ ಜನವರಿಯಲ್ಲಿ ಹೋದರು. ಸೈಮನ್ ಗ್ರೇಸನ್ 2022ರಲ್ಲಿ ಡ್ಯುರಾಂಡ್ ಕಪ್ ಗೆದ್ದು ಮರುವರ್ಷ ಡಿಸೆಂಬರ್‌ನಲ್ಲಿ ಹೋದರು. ನಿಮಗೆ ಹೆಚ್ಚು ಉಪಯೋಗದ ಪಾಠ ರಾಷ್ಟ್ರೀಯ ತಂಡದ್ದು. ಇಗೊರ್ ಸ್ಟಿಮಾಕ್ ಅವರ ಒಪ್ಪಂದವನ್ನು ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ 2026ರವರೆಗೆ ಮುಂದುವರಿಸಿತ್ತು. 2024ರ ಜೂನ್‌ನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಿಂದ ಭಾರತ ಹೊರಬಿದ್ದ ಮೇಲೆ ತೆಗೆದರು. ಉಳಿದ ಅವಧಿಯ ಹಣ ಕೊಡಿ ಎಂದು ಅವರು ಪಟ್ಟು ಹಿಡಿದರು. ಕೊನೆಗೆ 4 ಲಕ್ಷ ಡಾಲರ್‌ಗೆ ರಾಜಿ ಆಯಿತು. ಕೋಚನ್ನು ಸೇರಿಸಿಕೊಳ್ಳುವಾಗಲೇ ತೆಗೆಯುವ ಷರತ್ತನ್ನು ಸರಿಯಾಗಿ ಬರೆಯದಿದ್ದರೆ ಹೀಗಾಗುತ್ತದೆ. ದೊಡ್ಡ ಕ್ಲಬ್‌ಗಳ ಒಪ್ಪಂದದಲ್ಲಿ ಈಗ ಇದು ಸಾಮಾನ್ಯ: ತೆಗೆದರೆ ಇಷ್ಟು ತಿಂಗಳ ಸಂಬಳ, ನಡುವೆ ಬೇರೆ ಕೆಲಸ ಸಿಕ್ಕಿದರೆ ಕೊಡುವುದು ನಿಲ್ಲುತ್ತದೆ. ಚೆಲ್ಸಿ 2018ರಲ್ಲಿ ಅಂಟೋನಿಯೊ ಕಾಂಟೆಯನ್ನು ತೆಗೆದು ಪರಿಹಾರಕ್ಕೆ ತಕರಾರು ತೆಗೆಯಿತು. ಕೇಸ್ ಸೋತು ವಕೀಲರ ಖರ್ಚೂ ಸೇರಿ 2.66 ಕೋಟಿ ಪೌಂಡ್ ಕೈಬಿಟ್ಟಿತು.

ಈಗ ನಿಮ್ಮ ಭಾನುವಾರದ ಮೀಟಿಂಗ್. ದೊಡ್ಡ ಕ್ಲಬ್‌ಗಳನ್ನು ಅವಸರಕ್ಕೆ ತಳ್ಳುವ ಭಯ ನಿಮಗಿಲ್ಲ. ನೀವು ರೆಲಿಗೇಟ್ ಆಗಿ ಟಿವಿ ಹಣ ಕಳೆದುಕೊಳ್ಳುವುದಿಲ್ಲ. ಬೋಟ್ ಮಾಲೀಕರ ಸಿಟ್ಟು ಒಂದೇ ಇರುವುದು. ಅದನ್ನು ಹಗುರ ಮಾಡುತ್ತಿಲ್ಲ. ಜೆರ್ಸಿ, ಬಸ್ಸು, ಊಟ ಎಲ್ಲಾ ಅವರ ಕೈಯಿಂದ ಬರುತ್ತದೆ. ಹಾಗಾಗಿ ಅವರಿಗೆ ಉಪದೇಶ ಬೇಡ, ಲೆಕ್ಕ ತೋರಿಸಿ. ಗೋಲ್‌ಕೀಪರ್ ಇಲ್ಲ, ಮಿಡ್‌ಫೀಲ್ಡ್‌ನ ಇಬ್ಬರಿಲ್ಲ. ಹೋದ ವರ್ಷ ಸೆಮಿಫೈನಲ್ ಆಡಿದ ಟೀಮ್ ಇದಲ್ಲ. ಮೂರು ಮ್ಯಾಚ್‌ನ ಮೊಬೈಲ್ ವಿಡಿಯೋ ಯಾರಲ್ಲಾದರೂ ಇರುತ್ತದೆ. ಕೂತು ನೋಡಿ, ಗೋಲ್ ಎದುರಿನ ಸ್ಪಷ್ಟ ಅವಕಾಶ ನಮಗೆಷ್ಟು, ಅವರಿಗೆಷ್ಟು ಎಂದು ಗೆರೆ ಹಾಕಿ. ಮೂರನೆಯದರಲ್ಲಿ ಅಂತರ ಕಡಿಮೆಯಾಗಿದ್ದರೆ ಟೀಮ್ ಕಲಿಯುತ್ತಿದೆ. ಜಾಸ್ತಿಯಾಗಿದ್ದರೆ ಬೇರೆ ಮಾತು.

ಆಟಗಾರರ ಜೊತೆ ಮಾತಾಡಿ, ಆದರೆ ಕೋಚ್ ಬೇಕಾ ಬೇಡವಾ ಎಂದು ಕೇಳಬೇಡಿ. ಹಾಗೆ ಕೇಳಿದ ದಿನವೇ ಕೋಚ್‌ನ ಅಧಿಕಾರ ಮುಗಿಯಿತು. ಅಭ್ಯಾಸಕ್ಕೆ ಎಷ್ಟು ಜನ ಬರುತ್ತಿದ್ದಾರೆ, ಬೈಸಿಕೊಂಡವರು ಮರುದಿನ ಬರುತ್ತಾರಾ, ಹಿಂದಿನಿಂದ ಪಾಸ್ ಯಾಕೆ ಮಾಡಬೇಕು ಎಂದು ಹುಡುಗರಿಗೆ ಅವರು ವಿವರಿಸಿದ್ದಾರಾ, ಇದನ್ನು ಕೇಳಿ. ಅಭ್ಯಾಸಕ್ಕೆ ಜನ ಕಡಿಮೆಯಾಗುತ್ತಿದ್ದರೆ ನನಗೆ ಮೂರು ಸೋಲಿಗಿಂತ ಅದೇ ದೊಡ್ಡ ಅಪಾಯದ ಗುರುತು.

ಆಮೇಲೆ ಮೂರು ದಾರಿ ಇವೆ. ಟೂರ್ನಮೆಂಟ್ ಮುಗಿಯುವವರೆಗೆ ಇಟ್ಟುಕೊಳ್ಳುವುದು ಒಂದು. ನನ್ನ ಒಲವು ಇದರ ಕಡೆ. ಆದರೆ ಷರತ್ತಿಲ್ಲದೆ ಅಲ್ಲ. ಕೋಚ್ ಜೊತೆ ಕೂತು, ಈಗಿರುವ ಹುಡುಗರಿಗೆ ತಕ್ಕಂತೆ ಆಟ ಸ್ವಲ್ಪ ಬದಲಾಯಿಸಬಹುದಾ ಎಂದು ನೇರವಾಗಿ ಕೇಳಿ. ಮಳೆಗಾಲದಲ್ಲಿ ಕೆಸರಾದ ಮೈದಾನದಲ್ಲಿ ಹಿಂದಿನಿಂದ ಪಾಸ್ ಮಾಡುವುದು ದೊಡ್ಡವರಿಗೂ ಕಷ್ಟ, ಅನುಭವಿಗಳಾದರೆ ಒಪ್ಪುತ್ತಾರೆ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಇಲ್ಲಿನ ಅಪಾಯ ಇಷ್ಟು: ಇನ್ನೂ ಸೋತರೆ ಸ್ಪಾನ್ಸರ್ ಕೈ ಎತ್ತಬಹುದು, ಬೆರಳು ನಿಮ್ಮ ಕಡೆ ತಿರುಗಬಹುದು.

ಹಳೆಯ ಆಟಗಾರರೊಬ್ಬರನ್ನು ತಾತ್ಕಾಲಿಕವಾಗಿ ಕೂರಿಸುವುದು ಇನ್ನೊಂದು. ದೊಡ್ಡ ಕ್ಲಬ್‌ಗಳಿಗೆ ಇದು ಬಹಳ ಇಷ್ಟ, ಖರ್ಚು ಕಡಿಮೆ. ಯುನೈಟೆಡ್‌ನಲ್ಲಿ 2018ರ ಡಿಸೆಂಬರ್‌ನಲ್ಲಿ ಸೋಲ್‌ಶಾರ್ ಹಾಗೆ ಬಂದರು, ಎಲ್ಲರೂ ನಗತೊಡಗಿದರು, ಗೆಲುವೂ ಬಂತು. ಆ ಖುಷಿಯಲ್ಲಿ ಮಾರ್ಚ್‌ನಲ್ಲೇ ಕಾಯಂ ಮಾಡಿದರು. ಆ ಸೀಸನ್ ಕೊನೆಗೆ ಬರುವಾಗ ಗಾಳಿ ಇಳಿದಿತ್ತು. ನೀವು ಈ ದಾರಿ ಹಿಡಿದರೆ ಕೊನೆಯ ಮ್ಯಾಚ್‌ವರೆಗೆ ಕಾಯಂ ಮಾತು ಎತ್ತಬೇಡಿ.

ಮೂರನೆಯದು ಈಗಲೇ ಹೊರಗಿನಿಂದ ಹೊಸಬರನ್ನು ತರುವುದು. ನಡುವಿನಲ್ಲಿ ಖಾಲಿ ಇರುವ ಒಳ್ಳೆಯ ಕೋಚ್ ಸಿಗುವುದು ಅಪರೂಪ. ಸಿಕ್ಕಿದರೂ ಅದೇ ಹುಡುಗರು, ಗೋಲ್‌ಕೀಪರ್ ದುಬೈಯಲ್ಲೇ ಇರುತ್ತಾನೆ. ಮುಂದಿನ ವರ್ಷ ನಿಮ್ಮಲ್ಲಿಗೆ ಬರಬೇಕಾದ ಕೋಚ್‌ಗೂ ಇದು ಸುದ್ದಿಯಾಗಿ ತಲುಪುತ್ತದೆ, ಮಂಗಳೂರು ಉಡುಪಿಯ ಫುಟ್‌ಬಾಲ್ ಲೋಕ ಅಷ್ಟು ದೊಡ್ಡದಲ್ಲ.

ನಿಮ್ಮ ಅಳುಕಿನ ಬಗ್ಗೆ ಒಂದು ಮಾತು. ಹೆಸರು ಹೇಳಿದವರು ನೀವಾದ ಕಾರಣ ಮತ ಹಾಕುವಾಗ ಹಿಂದೆ ಸರಿಯಬೇಕಿಲ್ಲ. ಆದರೆ ವಿಡಿಯೋ ನೋಡಿ ಗೆರೆ ಹಾಕುವ ಕೆಲಸವನ್ನು ಬೇರೆ ಇಬ್ಬರಿಗೆ ಕೊಡಿ. ಅದರಲ್ಲೊಬ್ಬರು ಬೋಟ್ ಮಾಲೀಕರ ಕಡೆಯವರಾಗಿರಲಿ.

ತೆಗೆಯುವುದೇ ಎಂದು ತೀರ್ಮಾನವಾದರೆ ಅಧ್ಯಕ್ಷರೂ ನೀವೂ ಹೋಗಿ ಎದುರೆದುರು ಹೇಳಿ. ಕ್ಲಬ್‌ನ ವಾಟ್ಸಾಪ್ ಗ್ರೂಪ್‌ಗೆ ಸುದ್ದಿ ಆಮೇಲೆ ಹೋಗಲಿ. ಮಾತಾದ ಸಂಭಾವನೆ ಬಾಕಿ ಇದ್ದರೆ ಅದೇ ದಿನ ಕೊಡಿ, ಬಸ್ಸಿನ ಖರ್ಚು ಸೇರಿಸಿ. ಉಳಿಸಿಕೊಳ್ಳುವುದಾದರೆ ಈಗಲಾದರೂ ಒಂದು ಹಾಳೆಯಲ್ಲಿ ಬರೆಯಿರಿ: ಏನು ಕೆಲಸ, ಎಲ್ಲಿಯವರೆಗೆ, ನಡುವೆ ಬಿಟ್ಟರೆ ಅಥವಾ ಬಿಡಿಸಿದರೆ ಯಾರು ಯಾರಿಗೆ ಎಷ್ಟು ಕೊಡಬೇಕು. ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮತ್ತೆ, ಮೊದಲು ಒಬ್ಬ ಗೋಲ್‌ಕೀಪರ್‌ನ್ನು ಹುಡುಕಿ.